ಪ್ಲಗಿನ್ ಸಾಲಿನಲ್ಲಿ ಯಾರಿಗೆ ಮೊದಲ ಮಣೆ?

ಪ್ರಶ್ನೆ: ನಾವು ಮೂವರು ಸೇರಿ ಅಂಗಡಿಗಳಿಗೆ ಬಿಲ್ಲಿಂಗ್ ಸರ್ವರ್ ಮಾಡಿದ್ದೇವೆ. ಸರ್ವರ್ ಶುರುವಾಗುವಾಗ ಒಂದು ಫೋಲ್ಡರ್‌ನಲ್ಲಿ ಇರುವ ಪ್ಲಗಿನ್‌ಗಳನ್ನೆಲ್ಲ (ಸರ್ವರ್‌ಗೆ ಹೊರಗಿನಿಂದ ಜೋಡಿಸುವ ತುಣುಕು ಪ್ರೋಗ್ರಾಂಗಳು) ಒಂದೊಂದಾಗಿ ಲೋಡ್ ಮಾಡಿಕೊಳ್ಳುತ್ತದೆ. ಲೋಡ್ ಆದ ಸಾಲಿನಲ್ಲೇ ಪ್ರತಿ ರಿಕ್ವೆಸ್ಟ್ ಅವುಗಳ ಮೂಲಕ ಹಾದು ಹೋಗುತ್ತದೆ. ನಮ್ಮ ಯಂತ್ರಗಳಲ್ಲಿ ಎಲ್ಲ ಸರಿ. ಒಬ್ಬ ಗ್ರಾಹಕರ ಹತ್ತಿರ ಮಾತ್ರ ಲಾಗಿನ್ ಪ್ಲಗಿನ್‌ಗಿಂತ ಮೊದಲೇ ರಿಪೋರ್ಟ್ ಪ್ಲಗಿನ್ ಓಡಿ, ಪಾಸ್‌ವರ್ಡ್ ಇಲ್ಲದೆಯೇ ದಿನದ ವ್ಯಾಪಾರದ ಲೆಕ್ಕ ತೋರಿಸಿಬಿಟ್ಟಿತು. ಫೈಲ್‌ಗಳು ಅವೇ, ಲಿನಕ್ಸ್ ಕೂಡ ಅದೇ. ಏನಿದು?
— ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ಆ ಗ್ರಾಹಕರ ಯಂತ್ರದಿಂದ ರಿಪೋರ್ಟ್ ಪ್ಲಗಿನ್ ತೆಗೆದಿಡಿ. ಆಮೇಲೆ ಇದನ್ನು ಓದಿ.

ಫೈಲ್‌ಗಳು ಅವೇ, ಆದರೆ ಡಿಸ್ಕ್ ಬೇರೆ. ಪ್ರೋಗ್ರಾಂ ಒಂದು ಫೋಲ್ಡರ್ ತೆರೆದು ಇದರಲ್ಲಿ ಏನೇನಿದೆ ಅಂತ ಕೇಳಿದಾಗ ಹೆಸರುಗಳು ಅಕ್ಷರದ ಕ್ರಮದಲ್ಲೇ ಬರುತ್ತವೆ ಅನ್ನುವ ಖಾತ್ರಿ ಇಲ್ಲ. ಫೈಲ್‌ಸಿಸ್ಟಮ್‌ಗೆ ಹೇಗೆ ಅನುಕೂಲವೋ ಹಾಗೆ ಕೊಡುತ್ತದೆ. ಫೈಲ್‌ಗಳ ಪಟ್ಟಿ ತೋರಿಸುವ ಎಲ್‌ಎಸ್ (ls) ಆಜ್ಞೆ ಕೊಟ್ಟಾಗ ನೀಟಾಗಿ ಕಾಣುತ್ತದಲ್ಲ, ಅದು ಎಲ್‌ಎಸ್ ತಾನೇ ಜೋಡಿಸಿ ತೋರಿಸುವುದು. ಅದಕ್ಕೆ ಮೈನಸ್ ಎಫ್ (-f) ಸೇರಿಸಿ ನೋಡಿ. ನಿಮ್ಮ ಸರ್ವರ್ ಕಣ್ಣಿಗೆ ಬೀಳುವ ಸಾಲು ಅದು.

ಈಗ ನಿಮಗೆ ಬರುವ ಯೋಚನೆ ನನಗೆ ಗೊತ್ತು. ಫೈಲ್ ಹೆಸರಿನ ಮುಂದೆ 10, 20, 30 ಅಂತ ಹಾಕಿ, ಸರ್ವರ್ ಆ ಹೆಸರುಗಳನ್ನು ಜೋಡಿಸಿಕೊಂಡು ಲೋಡ್ ಮಾಡುವಂತೆ ಮಾಡಿಬಿಡೋಣ, ಅಲ್ವಾ? ಇವತ್ತಿಗೆ ನಡೆಯುತ್ತದೆ. ಆಮೇಲೆ ಯಾರೋ 05 ಅಂತ ಒಂದು ತರುತ್ತಾರೆ, ಅದಕ್ಕೂ ಮೊದಲು ಇರಬೇಕಾದ 04 ಬರುತ್ತದೆ, ಈ ನಂಬರ್‌ಗಳು ಯಾಕೆ ಹೀಗಿವೆ ಅಂತ ಬಲ್ಲವರು ಕೆಲಸ ಬಿಟ್ಟು ಹೋಗಿರುತ್ತಾರೆ.

ಅಪಾಚೆ ವೆಬ್ ಸರ್ವರ್ ಕೂಡ ಇಂಥ ದಾರಿಯಲ್ಲೇ ನಡೆದು ಬಂದದ್ದು. ಅದರ 1.3ರ ಕಾಲದಲ್ಲಿ ಮಾಡ್ಯೂಲ್‌ಗಳನ್ನು (ಪ್ಲಗಿನ್‌ಗಳಿಗೆ ಅಲ್ಲಿ ಈ ಹೆಸರು) ಪಟ್ಟಿಯಲ್ಲಿ ಎಲ್ಲಿ ಬರೆದಿದ್ದೀರಿ ಅನ್ನುವುದರ ಮೇಲೆ ಎಲ್ಲ ನಿಂತಿತ್ತು. ಅದೂ ತಲೆಕೆಳಗಾಗಿ: ಕೊನೆಯಲ್ಲಿ ಬರೆದವನಿಗೆ ಮೊದಲ ಮಣೆ. 2002ರಲ್ಲಿ ಬಂದ 2.0 ಇದನ್ನು ಬದಲಾಯಿಸಿತು. ಈಗ ಮಾಡ್ಯೂಲ್ ಸರ್ವರ್‌ನ ಕೈಗೆ ಒಂದೇ ಒಂದು ಸ್ಟ್ರಕ್ಚರ್ (ಮಾಹಿತಿಯ ಕಟ್ಟು) ಕೊಡುತ್ತದೆ. ಅದರಲ್ಲಿ ಹುಕ್‌ಗಳನ್ನು (ಸರ್ವರ್ ತನ್ನ ಕೆಲಸದ ನಡುವೆ ಮಾಡ್ಯೂಲನ್ನು ಕರೆಯುವ ಜಾಗಗಳು) ನೋಂದಾಯಿಸುವ ಫಂಕ್ಷನ್ ಇರುತ್ತದೆ. ಸರ್ವರ್ ಅದನ್ನು ಕರೆದಾಗ ಮಾಡ್ಯೂಲ್ ಹೇಳುತ್ತದೆ: ಈ ಹುಕ್‌ಗೆ ನನ್ನ ಈ ಫಂಕ್ಷನ್, ಇಂಥವರು ನನಗಿಂತ ಮೊದಲು ಇರಬೇಕು, ಇಂಥವರು ನನ್ನ ನಂತರ, ಮಿಕ್ಕಂತೆ ಎಲ್ಲೋ ಮಧ್ಯದಲ್ಲಿ ಹಾಕಿದರೆ ಸಾಕು. ಸಾಲು ಕಟ್ಟುವ ಕೆಲಸ ಸರ್ವರ್‌ನದು.

ಮದುವೆ ಊಟದಲ್ಲಿ ಬಡಿಸುವವರನ್ನು ನೋಡಿ. ತುಪ್ಪದ ಗಿಂಡಿ ಹಿಡಿದವನಿಗೆ ತಾನು ಹನ್ನೊಂದನೆಯವನೋ ಹದಿಮೂರನೆಯವನೋ ಗೊತ್ತಿರುವುದಿಲ್ಲ. ತೊವ್ವೆಯವನ ಹಿಂದೆ ಹೋಗಬೇಕು, ಅಷ್ಟೇ ಗೊತ್ತು. ನಡುವೆ ಇನ್ನೆರಡು ಪಲ್ಯ ಸೇರಿಸಿದರೂ ಅವನ ಲೆಕ್ಕ ತಪ್ಪುವುದಿಲ್ಲ. ಮಜ್ಜಿಗೆಯವನು 'ನಾನು ಕೊನೆಗೆ' ಅಂದರೆ ಮುಗಿಯಿತು. (ಅಪಾಚೆಯಲ್ಲಿ ಮೊದಲು, ಮಧ್ಯ, ಕೊನೆ ಅನ್ನುವುದರ ಜೊತೆಗೆ 'ರಿಯಲಿ ಫಸ್ಟ್' ಮತ್ತು 'ರಿಯಲಿ ಲಾಸ್ಟ್' ಅಂತಲೂ ಇವೆ. 'ಮೊದಲು' ಅನ್ನುವುದನ್ನು ಎಲ್ಲರ ಕೈಗೂ ಕೊಟ್ಟರೆ ಏನಾಗುತ್ತದೆ ಅನ್ನುವುದು ಈ ಹೆಸರು ನೋಡಿದರೇ ತಿಳಿಯುತ್ತದೆ.) ಇಬ್ಬರೂ 'ನಾನು ಅವನ ನಂತರ' ಅಂತ ಕೂತರೆ ನಿಮ್ಮ ಸರ್ವರ್ ಏನೋ ಒಂದು ಊಹಿಸಿಕೊಂಡು ಮುಂದೆ ಹೋಗಬಾರದು. ಎರಡೂ ಹೆಸರು ಲಾಗ್‌ನಲ್ಲಿ (ಸರ್ವರ್‌ನ ದಿನಚರಿ ಫೈಲ್) ಬರೆದು ನಿಂತುಬಿಡಲಿ.

ಆದರೆ ನಿಮ್ಮ ಕಾಯಿಲೆಗೆ ಇದು ಅರ್ಧ ಮದ್ದು. ಲಾಗಿನ್ ನೋಡುವವನೂ ರಿಪೋರ್ಟ್ ಕೊಡುವವನೂ ಒಂದೇ ಸಾಲಿನಲ್ಲಿ ಯಾಕೆ ನಿಂತಿದ್ದಾರೆ? ಬಾಗಿಲಲ್ಲಿ ಟಿಕೆಟ್ ನೋಡುವವನನ್ನೂ ಒಳಗೆ ಕಾಫಿ ಕೊಡುವವನನ್ನೂ ಒಂದೇ ಕ್ಯೂನಲ್ಲಿ ನಿಲ್ಲಿಸಿ ಯಾರು ಮೊದಲು ಅಂತ ಕೇಳಿದ ಹಾಗಾಯಿತು. ಅಪಾಚೆಯಲ್ಲಿ ಒಂದು ರಿಕ್ವೆಸ್ಟ್‌ನ ದಾರಿಯನ್ನು ಘಟ್ಟಗಳಾಗಿ ಕಡಿದಿದ್ದಾರೆ. ಯುಆರ್‌ಎಲ್ ಯಾವ ಫೈಲ್‌ಗೆ ಸೇರಿದ್ದು ಅಂತ ನೋಡುವುದು ಒಂದು, ಈ ವಿಳಾಸದಿಂದ ಬರಬಹುದೇ ಅನ್ನುವುದು ಒಂದು, ಬಂದವರು ಯಾರು ಅನ್ನುವುದು ಒಂದು, ಅವರಿಗೆ ಇದನ್ನು ನೋಡುವ ಹಕ್ಕಿದೆಯೇ ಅನ್ನುವುದು ಇನ್ನೊಂದು, ಇವೆಲ್ಲ ಮುಗಿದ ಮೇಲೆ ಉತ್ತರ ತಯಾರು ಮಾಡುವುದು, ಕೊನೆಗೆ ಲಾಗ್ ಬರೆಯುವುದು. ಪ್ರತಿ ಘಟ್ಟವೂ ಬೇರೆ ಹುಕ್. ಉತ್ತರ ಕೊಡುವ ಘಟ್ಟದಲ್ಲಿ ನೋಂದಾಯಿಸಿದ ಮಾಡ್ಯೂಲ್ ಎಷ್ಟೇ ಹಾರಾಡಿದರೂ ಲಾಗಿನ್ ಘಟ್ಟಕ್ಕಿಂತ ಮುಂದೆ ಬರಲಾರದು. ನಿಮಗೆ ಇಷ್ಟೊಂದು ಬೇಡ, ನಾಲ್ಕು ಘಟ್ಟ ಸಾಕು.

ಪ್ರತಿ ಘಟ್ಟದ ನಿಯಮವನ್ನೂ ಮೊದಲೇ ಗಟ್ಟಿ ಮಾಡಿ. ಉತ್ತರ ಕೊಡುವಲ್ಲಿ ಒಬ್ಬ 'ಇದು ನನ್ನದು' ಅಂದರೆ ಮುಂದಿನವರನ್ನು ಕೇಳಬೇಕಿಲ್ಲ. ತನ್ನದಲ್ಲದಿದ್ದರೆ ಅವನು 'ನನಗೆ ಬೇಡ' ಅಂತ ವಾಪಸ್ ಕೊಡಬೇಕು. ಲಾಗ್ ಬರೆಯುವಲ್ಲಿ ಹಾಗಲ್ಲ, ಎಲ್ಲರೂ ಓಡಬೇಕು. ಇದನ್ನು ಪ್ಲಗಿನ್ ಬರೆಯುವವರ ಇಷ್ಟಕ್ಕೆ ಬಿಟ್ಟರೆ ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಾರೆ.

ಇನ್ನೊಂದು ಮಾತು. ನಾಳೆ ಆ ಲಾಗಿನ್ ಪ್ಲಗಿನ್ ಫೈಲೇ ಅಳಿಸಿಹೋದರೆ? ಫೋಲ್ಡರ್‌ನಲ್ಲಿ ಇದ್ದದ್ದನ್ನು ಎತ್ತಿಕೊಳ್ಳುವ ಸರ್ವರ್‌ಗೆ ಏನು ಕಡಿಮೆಯಾಗಿದೆ ಅಂತ ಗೊತ್ತಾಗುವುದೇ ಇಲ್ಲ. ಸುಮ್ನೆ ಬಾಗಿಲು ತೆರೆದಿಟ್ಟು ಕೂರುತ್ತದೆ. ಅಪಾಚೆಯಲ್ಲಿ ಲೋಡ್‌ಮಾಡ್ಯೂಲ್ ಅಂತ ಕಾನ್ಫಿಗ್‌ನಲ್ಲಿ (ಸರ್ವರ್‌ನ ಸೆಟ್ಟಿಂಗ್ ಫೈಲ್) ಹೆಸರು ಬರೆದಿದ್ದು ಆ ಫೈಲ್ ಸಿಗದಿದ್ದರೆ ಸರ್ವರ್ ಶುರುವಾಗುವುದೇ ಇಲ್ಲ. ರಾತ್ರಿ ಹನ್ನೆರಡಕ್ಕೆ ಇದರ ಮೇಲೆ ಸಿಟ್ಟು ಬರುತ್ತದೆ ನಿಜ, ಆದರೆ ಸರಿಯಾದ ವರ್ತನೆ ಅದೇ. ಅಲ್ಲೂ ಒಂದು ಕಳ್ಳದಾರಿ ಇದೆ: 'ಈ ಮಾಡ್ಯೂಲ್ ಇದ್ದರೆ ಮಾತ್ರ' ಅಂತ ಸುತ್ತುಗಟ್ಟುವ ಇಫ್‌ಮಾಡ್ಯೂಲ್. ಪಾಸ್‌ವರ್ಡ್ ಸಾಲುಗಳನ್ನು ಅದರೊಳಗೆ ಹಾಕಿದವರು, ಮಾಡ್ಯೂಲ್ ಇಲ್ಲದ ದಿನ ಪಾಸ್‌ವರ್ಡ್ ಕೂಡ ಇಲ್ಲದೆ ಸರ್ವರ್ ಓಡಿಸುತ್ತಾರೆ. ಇಂಥದ್ದನ್ನು ನೀವು ಕೊಡಲೇಬೇಡಿ.

ಡೆಬಿಯನ್ ಲಿನಕ್ಸ್‌ನವರು ಅಪಾಚೆಗೆ ಮಾಡಿದ ಏರ್ಪಾಡು ನನಗೆ ಹಿಡಿಸಿದೆ. ಸಿಗುವ ಮಾಡ್ಯೂಲ್‌ಗಳದ್ದು ಒಂದು ಫೋಲ್ಡರ್, ಚಾಲೂ ಮಾಡಿದವುಗಳದ್ದು ಇನ್ನೊಂದು, ಎರಡನೆಯದರಲ್ಲಿ ಇರುವುದು ಬರೀ ಕೊಂಡಿಗಳು. ಡಿಸ್ಕ್‌ನಲ್ಲಿ ಇರುವುದು ಬೇರೆ, ನಾವು ಬೇಕು ಅಂತ ಹೇಳಿದ್ದು ಬೇರೆ. ಯಾವುದಕ್ಕೆ ಇನ್ನಾವುದು ಬೇಕು ಅನ್ನುವುದನ್ನೂ ಆ ಮಾಡ್ಯೂಲ್ ಲೋಡ್ ಮಾಡುವ ಫೈಲ್‌ನಲ್ಲೇ ಒಂದು ಸಾಲು ಬರೆದಿಟ್ಟಿರುತ್ತಾರೆ.

ಪ್ರಶ್ನೆ: ಸರ್ವರ್‌ನ ಹೊಸ ಆವೃತ್ತಿ ಹಾಕಿದ ಕೂಡಲೇ ಹಳೆಯ ಪ್ಲಗಿನ್ ಒಂದು ಕ್ರ್ಯಾಶ್ ಆಗುತ್ತಿದೆ. ಪ್ಲಗಿನ್ ಕೋಡ್ ಮುಟ್ಟಿಲ್ಲ. ಎಲ್ಲ ಸಿ ಭಾಷೆಯಲ್ಲಿದೆ.
— ಓದುಗರು, ಮಂಗಳೂರು

ಉತ್ತರ: ಮುಟ್ಟದೇ, ಮತ್ತೆ ಕಂಪೈಲ್ ಕೂಡ ಮಾಡದೇ ಇದ್ದದ್ದೇ ತಪ್ಪಾಯಿತು. ಸರ್ವರ್‌ನ ಯಾವುದೋ ಸ್ಟ್ರಕ್ಚರ್‌ನ ಮಧ್ಯದಲ್ಲಿ ಹೊಸದೊಂದು ಫೀಲ್ಡ್ ಸೇರಿಸಿರುತ್ತೀರಿ. ಹಳೆಯ ಹೆಡರ್ (ಸ್ಟ್ರಕ್ಚರ್‌ಗಳ ವಿವರ ಇರುವ ಫೈಲ್) ಇಟ್ಟುಕೊಂಡು ಕಂಪೈಲ್ ಆದ ಪ್ಲಗಿನ್ ಹಳೆಯ ಜಾಗಕ್ಕೇ ಕೈ ಹಾಕುತ್ತದೆ, ಅಲ್ಲಿ ಈಗ ಬೇರೆ ಯಾರೋ ವಾಸ.

ಅಪಾಚೆ ಇದಕ್ಕೆ ಎರಡು ಗುರುತು ಇಟ್ಟಿದೆ. ಒಂದು, 'ಎಪಿ24' ಅನ್ನುವ ನಾಲ್ಕು ಅಕ್ಷರದ ಮುದ್ರೆ: ಇದು ನಿಜಕ್ಕೂ ಅಪಾಚೆ ಮಾಡ್ಯೂಲೋ, ಯಾವುದೋ ಹಾಳು ಫೈಲೋ ಅಂತ ನೋಡಲು. ಇನ್ನೊಂದು, ಆವೃತ್ತಿಯ ನಂಬರ್. 2.4ರಲ್ಲಿ ಅದು 20120211. ಹೊಂದದಿದ್ದರೆ ಸಿಕ್ಕಿದ್ದು ಇಷ್ಟು, ಬೇಕಿದ್ದದ್ದು ಇಷ್ಟು ಅಂತ ಹೇಳಿ ಸರ್ವರ್ ನಿಲ್ಲುತ್ತದೆ. ಇಲ್ಲಿ ಜಾಣತನ ಇರುವುದು ಎಲ್ಲಿ ಅಂದರೆ, ಈ ನಂಬರನ್ನು ಪ್ಲಗಿನ್ ಬರೆಯುವವರು ಕೈಯಿಂದ ಬರೆಯುವುದಿಲ್ಲ. ಹೆಡರ್‌ನಲ್ಲಿರುವ ಮ್ಯಾಕ್ರೋ ತಾನಾಗಿ ತುಂಬುತ್ತದೆ. ಕೈಯಿಂದ ಬರೆಸಿದರೆ ನಕಲು ಮಾಡುವಾಗ ಹಳೆಯ ನಂಬರೇ ಉಳಿಯುತ್ತದೆ, ಅಥವಾ ಎರರ್ ಬಂತು ಅಂತ ನಂಬರ್ ಒಂದನ್ನೇ ತಿದ್ದಿ ಒಳಗೆ ನುಗ್ಗಿಸುತ್ತಾರೆ.

ಎಂಜಿನ್‌ಎಕ್ಸ್ (ಇದೂ ಒಂದು ವೆಬ್ ಸರ್ವರ್) ಇನ್ನೂ ಬಿಗಿ. 2016ರ 1.9.11ಕ್ಕಿಂತ ಮೊದಲು ಮಾಡ್ಯೂಲ್ ಸೇರಿಸಬೇಕಾದರೆ ಇಡೀ ಸರ್ವರನ್ನೇ ಮತ್ತೆ ಕಂಪೈಲ್ ಮಾಡಬೇಕಿತ್ತು. ಈಗ ಸರ್ವರನ್ನು ಮತ್ತೆ ಕಂಪೈಲ್ ಮಾಡದೆಯೇ ಕಾನ್ಫಿಗ್‌ನಲ್ಲಿ ಹೇಳಿ ಲೋಡ್ ಮಾಡಬಹುದು, ಆದರೆ ಆವೃತ್ತಿ ಪೂರ್ತಿ ಒಂದೇ ಇರಬೇಕು. 1.20.1ಕ್ಕೆ ಕಟ್ಟಿದ್ದು 1.20.2ರಲ್ಲಿ ಲೋಡ್ ಆಗುವುದಿಲ್ಲ. ಸಣ್ಣ ತಂಡಕ್ಕೆ ಈ ಬಿಗಿಯೇ ಒಳ್ಳೆಯದು. ಹಳೆಯದಕ್ಕೂ ಹೊಂದುವಂತೆ ಮಾಡುತ್ತೇವೆ ಅನ್ನುವ ಮಾತು ಸುಲಭ, ಅದನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವವರು ಯಾರು? ಒಂದು ಮಾತ್ರ ನೆನಪಿಡಿ: ಮುದ್ರೆಯೂ ನಂಬರೂ ಕೂರುವ ಜಾಗ ಎಂದೆಂದಿಗೂ ಬದಲಾಗಬಾರದು. ಅದೇ ಅಲ್ಲಾಡಿದರೆ ನೋಡುವುದು ಏನನ್ನು?

ಪ್ರಶ್ನೆ: ನೋಂದಣಿ ಫಂಕ್ಷನ್‌ನಲ್ಲೇ ಡೇಟಾಬೇಸ್ ಸಂಪರ್ಕ ತೆರೆದುಬಿಟ್ಟರೆ ತಪ್ಪೇನು?
— ಓದುಗರು, ಮೈಸೂರು

ಉತ್ತರ: ನಾನೇ ಮಾಡಿದ ತಪ್ಪು, ಅದಕ್ಕೇ ಹೇಳುತ್ತೇನೆ. ಹಿಂದೆ ಒಂದು ಕಡೆ ಕೆಲಸ ಮಾಡುವಾಗ ನನ್ನ ಮಾಡ್ಯೂಲ್ ಲೋಡ್ ಆದ ತಕ್ಷಣ ಸಂಪರ್ಕ ತೆರೆದಿಟ್ಟುಕೊಳ್ಳುತ್ತಿತ್ತು. ಸರ್ವರ್ ಆಮೇಲೆ ಫೋರ್ಕ್ ಆಗಿ (ತನ್ನದೇ ನಕಲುಗಳನ್ನು ಹುಟ್ಟಿಸಿ) ಎಂಟು ಮರಿ ಪ್ರಕ್ರಿಯೆಗಳಾಯಿತು. ಎಂಟಕ್ಕೂ ಒಂದೇ ತಂತಿ. ಒಬ್ಬರು ಕೇಳಿದ ಪ್ರಶ್ನೆಯ ಉತ್ತರ ಇನ್ನೊಬ್ಬರ ಪರದೆಗೆ ಹೋಯಿತು. ಇಬ್ಬರು ಒಂದೇ ಹೊತ್ತಿಗೆ ಕೇಳಿದಾಗ ಮಾತ್ರ ಹೀಗಾಗುತ್ತಿದ್ದರಿಂದ ಪರೀಕ್ಷೆ ಮಾಡುವಾಗ ಒಂದು ಸಲವೂ ಸಿಕ್ಕಿಬೀಳಲಿಲ್ಲ, ಎರಡು ವಾರ ಡೇಟಾಬೇಸ್‌ನವರನ್ನೇ ಬೈದೆವು.

ಇನ್ನೊಂದು ತೊಂದರೆಯೂ ಇದೆ. ಅಪಾಚೆ ಶುರುವಾಗುವಾಗ ಕಾನ್ಫಿಗ್ ಅನ್ನು ಎರಡು ಸಲ ಓದುತ್ತದೆ. ಬರೀ ಕಾನ್ಫಿಗ್ ಸರಿಯಿದೆಯೇ ಅಂತ ನೋಡುವ ಆಜ್ಞೆ ಕೊಟ್ಟಾಗಲೂ ಮಾಡ್ಯೂಲ್ ಲೋಡ್ ಆಗುತ್ತದೆ. ಆಗೆಲ್ಲ ನಿಮ್ಮ ಡೇಟಾಬೇಸ್ ಬಾಗಿಲು ಬಡಿಯಬೇಕೇ? ನೋಂದಣಿಯಲ್ಲಿ ಹೆಸರು ಬರೆಸಿ ಸುಮ್ಮನಾಗಿ. ಸಂಪರ್ಕ ತೆರೆಯಲು ಮರಿ ಪ್ರಕ್ರಿಯೆ ಹುಟ್ಟಿದ ಮೇಲೆ ಕರೆಯುವ ಬೇರೆ ಹುಕ್ ಇರುತ್ತದೆ. ನಿಮ್ಮ ಸರ್ವರ್‌ನಲ್ಲಿ ಇಲ್ಲದಿದ್ದರೆ ಸೇರಿಸಿ.

ಪ್ರಶ್ನೆ: ಸರ್ವರ್ ನಿಲ್ಲಿಸದೆ ಪ್ಲಗಿನ್ ಕಿತ್ತುಹಾಕುವ ಸೌಲಭ್ಯ ಕೊಡಬೇಕೆಂದಿದ್ದೇನೆ.
— ಓದುಗರು, ಶಿವಮೊಗ್ಗ

ಉತ್ತರ: ಬೇಡ. ಆ ಪ್ಲಗಿನ್‌ನ ಫಂಕ್ಷನ್ ವಿಳಾಸ ಇನ್ನೆಲ್ಲೆಲ್ಲಿ ಉಳಿದಿದೆ ಅಂತ ನಿಮಗೆ ಖಚಿತವಾಗಿ ಗೊತ್ತಿರುವುದಿಲ್ಲ. ಟೈಮರ್‌ನಲ್ಲಿ ಒಂದು ಉಳಿದಿದ್ದರೂ ಸಾಕು. ಎಂಜಿನ್‌ಎಕ್ಸ್ ಕಾನ್ಫಿಗ್ ಮತ್ತೆ ಓದಿದಾಗ ಮಾಡುವ ಹಾಗೆ ಮಾಡಿ: ಹೊಸ ಪ್ರಕ್ರಿಯೆಗಳನ್ನು ಹುಟ್ಟಿಸಿ, ಹೊಸ ರಿಕ್ವೆಸ್ಟ್‌ಗಳನ್ನೆಲ್ಲ ಅವುಗಳಿಗೆ ಕೊಟ್ಟು, ಹಳೆಯವು ಕೈಯಲ್ಲಿದ್ದ ಕೆಲಸ ಮುಗಿಸಿ ತಾವಾಗಿ ಹೋಗಲಿ. ಗ್ರಾಹಕರಿಗೆ ಸರ್ವರ್ ನಿಂತದ್ದು ಗೊತ್ತೇ ಆಗುವುದಿಲ್ಲ.