ಫೋಟೋದಲ್ಲಿರುವವರು ಇವರೇನಾ?

ಓದುಗರ ಪತ್ರ: ಫೋಟೋ ನೋಡಿ ಗುರುತು ಹಿಡಿಯುವಾಗ ಜನ ಆಗಾಗ ತಪ್ಪುತ್ತಾರೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹೊಸಬರು ತಪ್ಪಬಹುದು. ನಾನು ಎಷ್ಟೋ ವರ್ಷಗಳಿಂದ ಕೌಂಟರ್‌ನಲ್ಲಿ ಕೂತು ಗುರುತಿನ ಚೀಟಿ ನೋಡುತ್ತಿದ್ದೇನೆ. ಒಬ್ಬನೂ ನನ್ನ ಕಣ್ಣು ತಪ್ಪಿಸಿ ಹೋಗಿಲ್ಲ. ಅನುಭವಕ್ಕೆ ಬೆಲೆಯೇ ಇಲ್ಲವೇ?

ಸಂಪಾದಕರ ಉತ್ತರ: ಖಂಡಿತ ಇದೆ. ತಿದ್ದಿದ ದಿನಾಂಕ, ಕಿತ್ತು ಅಂಟಿಸಿದ ಫೋಟೋ ಇವೆಲ್ಲ ನಿಮ್ಮ ಕಣ್ಣಿಗೆ ಥಟ್ಟನೆ ಬೀಳುತ್ತವೆ. ಆದರೆ ಚೀಟಿ ಅಸಲಿ, ತಂದವರು ಬೇರೆ, ಮುಖ ಸ್ವಲ್ಪ ಹೋಲುತ್ತದೆ ಅಂದ್ರೆ? ‘ಒಬ್ಬನೂ ತಪ್ಪಿಸಿ ಹೋಗಿಲ್ಲ’ ಅಂತ ನಿಮಗೆ ಗೊತ್ತಾಗುವುದಾದರೂ ಹೇಗೆ? ಹಾಗೆ ಹೋದವರು ವಾಪಸ್ ಬಂದು ಹೇಳುವುದಿಲ್ಲವಲ್ಲ. ಮಾಡಿದ ತಪ್ಪು ತಿಳಿಯದೇ ಹೋದರೆ ಎಷ್ಟು ವರ್ಷ ಕೂತರೂ ಕಣ್ಣು ಪಳಗುವುದಿಲ್ಲ.

ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಅಧಿಕಾರಿಗಳನ್ನೇ ಕೂರಿಸಿ ಮಾಡಿದ ಪರೀಕ್ಷೆಯೊಂದು 2014ರಲ್ಲಿ ಪ್ರಕಟವಾಯಿತು. ಎದುರಿಗೆ ಒಬ್ಬ ಮನುಷ್ಯ, ಪಕ್ಕದಲ್ಲಿ ಒಂದು ಫೋಟೋ. ಫೋಟೋ ಬೇರೆಯವರದ್ದಾಗಿದ್ದಾಗ ಅಧಿಕಾರಿಗಳು ನೂರಕ್ಕೆ 14 ಸಲ ‘ಹೌದು, ಇವರೇ’ ಅಂದುಬಿಟ್ಟರು. ಮುಖ ಹೋಲಿಸುವುದರಲ್ಲಿ ಅವರು ವಿದ್ಯಾರ್ಥಿಗಳಿಗಿಂತ ಮೇಲೇನೂ ಇರಲಿಲ್ಲ. ಕೆಲವರು ಮಾತ್ರ ಬಹಳ ಚೆನ್ನಾಗಿ ಮಾಡಿದರು, ಆದರೆ ಅದಕ್ಕೂ ಅವರ ಸರ್ವೀಸಿಗೂ ಸಂಬಂಧ ಕಾಣಲಿಲ್ಲ. ನೀವೂ ಆ ಕೆಲವರಲ್ಲಿ ಒಬ್ಬರಿರಬಹುದು, ಯಾರಿಗೆ ಗೊತ್ತು!

ನಮಗೆ ಇಷ್ಟು ಧೈರ್ಯ ಎಲ್ಲಿಂದ ಬರುತ್ತದೆ? ಪರಿಚಯದವರಿಂದ. ನೆಂಟರನ್ನು, ಗೆಳೆಯರನ್ನು ಎಷ್ಟು ಮಸುಕಾದ ಫೋಟೋದಲ್ಲೂ ಹಿಡಿಯುತ್ತೇವೆ. ಗುರುತಿಲ್ಲದವರ ವಿಷಯದಲ್ಲೂ ಹಾಗೇ ಅಂದುಕೊಳ್ಳುತ್ತೇವೆ. 2011ರ ಒಂದು ಪ್ರಯೋಗ ನೋಡಿ. ನೆದರ್‌ಲ್ಯಾಂಡ್ಸ್‌ನ ಇಬ್ಬರು ಪ್ರಸಿದ್ಧ ಮಹಿಳೆಯರ ತಲಾ 20 ಫೋಟೋ ಕಲೆಸಿ, ಒಬ್ಬೊಬ್ಬರದನ್ನು ಒಂದೊಂದು ಗುಂಪು ಮಾಡಿ ಎಂದರು. ಅವರನ್ನು ಬಲ್ಲ ಡಚ್ಚರು ಸಲೀಸಾಗಿ ಎರಡು ಗುಂಪು ಮಾಡಿದರು. ಬ್ರಿಟನ್ನಿನವರಿಗೆ ಆ ಮುಖಗಳ ಪರಿಚಯವಿರಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಏಳೆಂಟು ಜನ, ಇನ್ನೂ ಜಾಸ್ತಿ ಜನ ಕಂಡರು! ಬೆಳಕು, ಕ್ಯಾಮೆರಾ, ವಯಸ್ಸು, ಮುಖಭಾವ ಬದಲಾದರೆ ಸಾಕು, ಒಬ್ಬರೇ ಹಲವರಾಗುತ್ತಾರೆ. ಚೀಟಿಯಲ್ಲಿ ಇರುವುದು ಅಂಥ ಒಂದೇ ಒಂದು ಚಿತ್ರ, ಅದೂ ಎಷ್ಟೋ ವರ್ಷ ಹಳೆಯದು.

ಇನ್ನೊಂದು ತೊಂದರೆಯೂ ಇದೆ. ನಿಮ್ಮ ಮುಂದೆ ಬರುವವರಲ್ಲಿ ಬಹುತೇಕ ಎಲ್ಲರೂ ಪ್ರಾಮಾಣಿಕರು. ದಿನವಿಡೀ ‘ಸರಿ, ಸರಿ’ ಅಂದು ಅಭ್ಯಾಸವಾದ ಮೇಲೆ, ಅಪರೂಪಕ್ಕೆ ಬಂದ ಮೋಸಗಾರನಿಗೂ ಅದೇ ‘ಸರಿ’ ಬಾಯಿಗೆ ಬರುತ್ತದೆ. ಇದನ್ನೂ ಪ್ರಯೋಗದಲ್ಲಿ ಕಂಡಿದ್ದಾರೆ.

ಹಾಗಾದರೆ ಏನು ಮಾಡಬೇಕು? ಮುಖವನ್ನು ಇಡಿಯಾಗಿ ನೋಡಿ ‘ಹೋಲುತ್ತೆ’ ಅನ್ನಬೇಡಿ. ಕೂದಲು ಮೋಸ ಮಾಡುತ್ತದೆ, ಅದನ್ನು ಬಿಡಿ. ಕಿವಿಯ ಆಕಾರ, ಮಚ್ಚೆ, ಗಾಯದ ಗುರುತು ಒಂದೊಂದಾಗಿ ಹೋಲಿಸಿ. ಅನುಮಾನ ಬಂದರೆ ಪಕ್ಕದವರಿಗೂ ತೋರಿಸಿ, ಆದರೆ ನಿಮ್ಮ ಅಭಿಪ್ರಾಯ ಮೊದಲೇ ಹೇಳಬೇಡಿ. ಹಲವರು ಬೇರೆಬೇರೆಯಾಗಿ ಕೊಟ್ಟ ತೀರ್ಪನ್ನು ಒಟ್ಟುಗೂಡಿಸಿದರೆ ಒಬ್ಬರ ತೀರ್ಪಿಗಿಂತ ಚೆನ್ನಾಗಿರುತ್ತದೆ.

ಸರದಿಯಲ್ಲಿ ಜನ ನಿಂತಿರುವಾಗ ಇದಕ್ಕೆಲ್ಲ ಪುರುಸೊತ್ತು ಎಲ್ಲಿ ಅಂತೀರಾ? ಅದು ನಿಮ್ಮ ಮೇಲಿನವರು ಉತ್ತರಿಸಬೇಕಾದ ಪ್ರಶ್ನೆ. ಸರಿ-ತಪ್ಪು ಆಗಿಂದಾಗ್ಗೆ ತಿಳಿಸುವ ಅಭ್ಯಾಸ ಪರೀಕ್ಷೆ ಕೊಟ್ಟರೆ ಕಣ್ಣು ಸುಧಾರಿಸುತ್ತದೆ ಎಂಬುದಕ್ಕೆ ಪುರಾವೆ ಇದೆ. ಅಂಥದ್ದೊಂದನ್ನು ಕೇಳಿ ನೋಡಿ.