ಕೂತವರಿಗೆ ಊಟ ಯಾಕೆ?

ಪ್ರಶ್ನೆ: ಅಮ್ಮನಿಗೆ 70 ವರ್ಷ. ‘ಕೂತೇ ಇರೋಳಿಗೆ ಊಟ ಯಾಕೆ’ ಅಂತ ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗುತ್ತಾರೆ. ಸರಿಯಾ ಡಾಕ್ಟರೇ?
– ಓದುಗರು, ಹಾಸನ

ಉತ್ತರ: ಸರಿಯಲ್ಲಮ್ಮ. ನನ್ನ ಹತ್ತಿರ ಬರುವ ಎಷ್ಟೋ ಅಜ್ಜಿಯರು ಇದನ್ನೇ ಹೇಳುತ್ತಾರೆ, ಕೇಳಿ ಸಂಕಟವಾಗುತ್ತದೆ. ಸುಮ್ನೆ ಕೂತಿದ್ದರೂ ಉಸಿರಾಟ, ಹೃದಯ, ಮೈಶಾಖಕ್ಕೆ ಶಕ್ತಿ ಬೇಕಲ್ವಾ? ದಿನದ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ಮಿದುಳು ದೇಹದ ತೂಕದಲ್ಲಿ ಶೇ 2ರಷ್ಟು ಮಾತ್ರ; ವಿಶ್ರಾಂತಿಯಲ್ಲೂ ಸುಮಾರು ಶೇ 20ರಷ್ಟು ಶಕ್ತಿ ಅದಕ್ಕೇ ಹೋಗುತ್ತದೆ. ದಿನವೂ ಊಟ ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಈ ವಯಸ್ಸಿನಲ್ಲಿ ಅದು ಸುಲಭವಾಗಿ ಮರಳಿ ಬರುವುದಿಲ್ಲ. ಕಾಲು ಸೋತು ಬೀಳುವ ಭಯ. ಅರ್ಧ ಮುದ್ದೆ, ಗಟ್ಟಿ ಬೇಳೆಸಾರು ಕೊಡಿ. ತಿನ್ನುವವರಾದರೆ ಮೊಟ್ಟೆಯೂ ಇರಲಿ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಾತ್ರಿ ಊಟ ಬಿಡಿಸಲೇಬೇಡಿ.