ಕೇ ರಯಾನ್: ಪಾಠ ಮಾಡುತ್ತಲೇ ಬರೆದ ಕವಿ

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ, ವಯಸ್ಸು 44. ಬಹಳ ವರ್ಷಗಳಿಂದ ಪುಟ್ಟ ಕವಿತೆಗಳನ್ನು ಬರೆಯುತ್ತಿದ್ದೇನೆ. ಪತ್ರಿಕೆಗಳಿಗೆ ಕಳಿಸಿದರೆ ಹೆಚ್ಚಿನವು ವಾಪಸ್ ಬರುತ್ತವೆ. ಸಾಹಿತಿಗಳ ಪರಿಚಯವೂ ಇಲ್ಲ. ಅಮೆರಿಕದ ಕೇ ರಯಾನ್ ಕೂಡ ಹೀಗೇ ಇದ್ದವರು ಎಂದು ಗೆಳತಿ ಹೇಳಿದಳು. ಹೌದಾ? ಕೆಲಸ ಬಿಟ್ಟು ಬರವಣಿಗೆಗೆ ಕೂತರೆ ಹೇಗೆ?

ಉತ್ತರ: ಗೆಳತಿ ಹೇಳಿದ್ದು ಸರಿ. ಆದರೆ ಕೆಲಸ ಬಿಡುವ ಮೊದಲು ಅವರ ಕಥೆ ಪೂರ್ತಿ ಕೇಳಿ.

ಕೇ ರಯಾನ್ ಹುಟ್ಟಿದ್ದು 1945ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಅಪ್ಪ ಎಣ್ಣೆ ಬಾವಿ ಕೊರೆಯುವ ಕೆಲಸದವರು. ಕಾಲೇಜಿನಲ್ಲಿ ಕವಿತೆಯ ಕ್ಲಬ್ ಸೇರಲು ಹೋದಾಗ ಇವರನ್ನು ತೆಗೆದುಕೊಳ್ಳಲಿಲ್ಲ. ಮುಂದೆ ಕಾಲೇಜ್ ಆಫ್ ಮರಿನ್ ಎಂಬ ಸಮುದಾಯ ಕಾಲೇಜಿನಲ್ಲಿ, ಅಂದರೆ ಸ್ಥಳೀಯರಿಗಾಗಿ ಇರುವ ಎರಡು ವರ್ಷದ ಕಾಲೇಜಿನಲ್ಲಿ, 30 ವರ್ಷಕ್ಕೂ ಜಾಸ್ತಿ ಪಾಠ ಮಾಡಿದರು. ಕವಿತೆ ಬರೆಯುವುದನ್ನಲ್ಲ, ಓದು ಬರಹದಲ್ಲಿ ಹಿಂದುಳಿದವರಿಗೆ ಇಂಗ್ಲಿಷ್. ಅದೂ ಅರೆಕಾಲಿಕವಾಗಿ. ಉಳಿದ ಹೊತ್ತು ಬರವಣಿಗೆಗೆ ಬೇಕಿತ್ತು.

1976ರಲ್ಲಿ ಅವರು ಸೈಕಲ್ ಹತ್ತಿ ಅಮೆರಿಕವನ್ನು ಅಡ್ಡಲಾಗಿ ದಾಟಿದರು. ಸುಮಾರು 6,400 ಕಿ.ಮೀ. ನಾನು ಬರಹಗಾರ್ತಿ ಆಗಬೇಕಾ ಎಂಬ ಪ್ರಶ್ನೆ ಜೊತೆಗೇ ಇತ್ತು. ಕೊಲೊರಾಡೊದ ಬೆಟ್ಟದ ದಾರಿಯಲ್ಲಿ ಉತ್ತರವಾಗಿ ಇನ್ನೊಂದು ಪ್ರಶ್ನೆ ಹೊಳೆಯಿತಂತೆ: ನಿನಗೆ ಬರೆಯೋದು ಇಷ್ಟಾನಾ? ಇಷ್ಟ. ಅಲ್ಲಿಗೆ ತೀರ್ಮಾನವಾಯಿತು.

ಆಮೇಲೆ ಮಾಡಿದ ಕೆಲಸ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಒಂದು ಕಟ್ಟು ಟ್ಯಾರೋ ಕಾರ್ಡ್ ತಂದರು, ಅಂದರೆ ಭವಿಷ್ಯ ಹೇಳುವವರು ಬಳಸುವ, ಪ್ರೀತಿ, ಸಾವಿನಂಥ ಚಿತ್ರಗಳಿರುವ ಕಾರ್ಡ್. ಭವಿಷ್ಯ ನೋಡಲು ಅಲ್ಲ! ದಿನಕ್ಕೊಂದು ಕಾರ್ಡ್ ಎತ್ತುವುದು, ಅದರಲ್ಲಿ ಏನು ಬಂದರೂ ಅದರ ಮೇಲೊಂದು ಕವಿತೆ ಬರೆಯುವುದು. ಪ್ರೀತಿ, ಸಾವಿನಂಥ ದೊಡ್ಡ ವಿಷಯಗಳಿಂದ ತಪ್ಪಿಸಿಕೊಳ್ಳಲು ಆಗ ದಾರಿಯೇ ಇರಲಿಲ್ಲ.

1983ರಲ್ಲಿ ಮೊದಲ ಪುಸ್ತಕ ಬಂತು, ಗೆಳೆಯರು ಕೊಟ್ಟ ದುಡ್ಡಿನಿಂದ. ಗಮನಿಸಿದವರು ಕಡಿಮೆ. 1998ರಲ್ಲಿ ಕವಿ, ವಿಮರ್ಶಕ ಡೇನಾ ಜೋಯಾ ಇವರ ಬಗ್ಗೆ ಮನಸ್ಸಿಟ್ಟು ಬರೆದರು. 2004ರಲ್ಲಿ ಒಂದು ಲಕ್ಷ ಡಾಲರಿನ ರೂತ್ ಲಿಲ್ಲಿ ಕಾವ್ಯ ಪ್ರಶಸ್ತಿ, 2008ರಲ್ಲಿ ಅಮೆರಿಕದ ರಾಷ್ಟ್ರಕವಿ ಸ್ಥಾನ, 2011ರಲ್ಲಿ ಪುಲಿಟ್ಜರ್ ಪ್ರಶಸ್ತಿ. ರಾಷ್ಟ್ರಕವಿ ಸ್ಥಾನದಲ್ಲಿದ್ದಾಗಲೇ, 2009ರ ಆರಂಭದಲ್ಲಿ, ಬಾಳಸಂಗಾತಿ ಕ್ಯಾರಲ್ ಅಡೇರ್ ತೀರಿಕೊಂಡರು. ಆದರೂ ರಯಾನ್ ತಮ್ಮ ಅವಧಿ ಮುಗಿಸಿದರು. ತಾವು ಪಾಠ ಮಾಡಿದಂಥ ಸಮುದಾಯ ಕಾಲೇಜುಗಳಿಗೆ ಕವಿತೆಯನ್ನು ಒಯ್ಯುವ ಕಾರ್ಯಕ್ರಮವನ್ನೂ ನಡೆಸಿದರು.

ಕವಿತೆಗಳು ತೀರಾ ಚಿಕ್ಕವು. ಸಾಲುಗಳೂ ಸಾಮಾನ್ಯವಾಗಿ ಗಿಡ್ಡ. ಪ್ರಾಸ ಸಾಲಿನ ಕೊನೆಗೆ ಕಾಯುತ್ತಾ ಕೂರುವುದಿಲ್ಲ, ಎಲ್ಲೋ ನಡುವೆ ಸದ್ದು ಮಾಡಿ ಹೋಗುತ್ತದೆ. ಆಮೆಯ ಮೇಲೊಂದು ಕವಿತೆ ಇದೆ. ಮೇವಿಗಾಗಿ ಹುಲ್ಲಿನ ಕಡೆ ಹೊರಟ ಆಮೆಗೆ ಸಣ್ಣ ಏರು ಕೂಡ ಸೋಲು. ಮೈಮೇಲಿನ ಭಾರ ಇಳಿಸುವಂತಿಲ್ಲ. ಓದುವಾಗ ನಗು ಬರುತ್ತದೆ, ನಾಲ್ಕು ಸಾಲು ದಾಟಿದ ಮೇಲೆ ಗಂಟಲು ಕಟ್ಟುತ್ತದೆ.

ಕೊನೆಗೂ ಪ್ರಶಸ್ತಿ ಬರುತ್ತದೆ ಅನ್ನುವ ಭರವಸೆಯನ್ನು ಇವರ ಬದುಕಿನಿಂದ ಪಡೆಯಬೇಡಿ, ಅದನ್ನು ಯಾರೂ ಕೊಡಲಾರರು. ಕೆಲಸ ಇರಲಿ. ಬೆಳಿಗ್ಗೆ ಒಂದು ಗಂಟೆ ಹೊತ್ತು ಬರವಣಿಗೆಗೆ ಇಟ್ಟುಕೊಳ್ಳಿ, ಅದನ್ನು ಯಾರಿಗೂ ಬಿಟ್ಟುಕೊಡಬೇಡಿ. ಪೊಯೆಟ್ರಿ ಫೌಂಡೇಶನ್ ಜಾಲತಾಣದಲ್ಲಿ ಅವರ ಹಲವು ಕವಿತೆಗಳು ಉಚಿತವಾಗಿ ಸಿಗುತ್ತವೆ. ಆಮೆಯಿಂದಲೇ ಶುರು ಮಾಡಿ, ಜೋರಾಗಿ ಓದಿ.